ಬೀರವಾಡಿಗೆ ಸಮುದ್ರ ಮಂಜೂರಾದದ್ದು

ಮರಾಠಿ ಗಡಿಯ ಉಮರ್ಗಾ ತಾಲೂಕಿನ ಬೀರವಾಡಿಯಲ್ಲಿ ಸಮುದ್ರ ಇಲ್ಲ ಎನ್ನುವುದಕ್ಕೆ ಸರ್ಕಾರಿ ದಾಖಲೆಗಳಲ್ಲಿ ಯಾವ ಆಧಾರವೂ ಇಲ್ಲ. ಇದೆ ಎನ್ನುವುದಕ್ಕೆ ಮಾತ್ರ ಒಂದು ಕಾಗದ ಉಂಟು. ಎರಡು ವರ್ಷದ ಹಿಂದೆ ಜಿಲ್ಲೆಯಿಂದ ಬಂದ ಮಾಹಿತಿ ಫಾರ್ಮಿನ ಮೂವತ್ತೇಳನೆಯ ಪ್ರಶ್ನೆ, ಗ್ರಾಮಕ್ಕೆ ಸಮುದ್ರತೀರ ಇದೆಯೇ ಎಂಬುದು. ಗ್ರಾಮಸೇವಕ ರೇಣುಕಾಪ್ರಸಾದರು ಅದರ ಮುಂದೆ ‘ಹೌದು’ ಎಂದು ಬರೆದು, ಶಿಕ್ಕಾ ಹೊಡೆದು ಕಳಿಸಿದ್ದರು.

ಇದರಲ್ಲಿ ಅವರ ತಪ್ಪೇನೂ ಇಲ್ಲ. ಭೂಕಂಪದ ವರ್ಷ ‘ನಮ್ಮ ಊರಾಗ ಏನೂ ಬಿದ್ದಿಲ್ಲ’ ಅಂತ ಖರೇ ಬರೆಸಿ ಬೀರವಾಡಿ ಕೆಟ್ಟಿತ್ತು. ಸುತ್ತಲಿನ ಊರಿಗೆಲ್ಲ ತಗಡು ಬಂದವು, ಇವರಿಗೆ ಒಂದು ಮೊಳೆಯೂ ಬರಲಿಲ್ಲ. ಅಂದೇ ಹಿರಿಯರು ಬೀರಪ್ಪನ ಗುಡಿಕಟ್ಟೆಯ ಮೇಲೆ ಕುಂತು ಠರಾವು ಮಾಡಿದರು: ಸರ್ಕಾರ ಏನೇ ಕೇಳಲಿ, ಹೌದು ಅನ್ನಬೇಕು. ಆ ಪ್ರಕಾರ ಬೀರವಾಡಿಯಲ್ಲಿ ಆನೆಯ ಹಾವಳಿ ಉಂಟು, ಹಿಮಪಾತವೂ ಉಂಟು. ಹಿಮಪಾತದ ಹೆಸರಲ್ಲಿ ಹೋದ ವರ್ಷ ಕಂಬಳಿ ಬಂದವು. ಮೂರು ತಲೆಮಾರಿನಿಂದ ಕಂಬಳಿ ನೇಯುವ ಊರು ಅವನ್ನು ಕೈಮುಗಿದು ಇಸಗೊಂಡಿತು.

ಹಾಗೆಯೇ ಸಮುದ್ರವೂ ಮಂಜೂರಾಯಿತು. ಜೊತೆಗೆ ನಾಲ್ಕು ಕಿಲೋಮೀಟರ್ ‘ಕಡಲತೀರ ಪಾದಚಾರಿ ಪಥ’. ಇಂಜಿನಿಯರು ಬಂದು, “ನೀರು ಎಲ್ಲದ?” ಎಂದು ಕೇಳಿದರು. ಜನ ಊರ ಕೆರೆ, ತಲಾವು ತೋರಿಸಿದರು. ಬೀರಪ್ಪನ ಗುಡಿಯಿಂದ ತಲಾವಿನ ತನಕ ಫರಶಿ ಕಲ್ಲು ಬಿತ್ತು, ಜಾಲಿ ಗಿಡಗಳ ನಡುವೆ ತೆಂಗಿನ ಸಸಿ ನೆಟ್ಟರು, ಗುಡಿಯ ಹಿಂದಿನ ಗೋಡೆಗೆ ನೀಲಿ ಮೀನು ಬರೆಸಿದರು. ಒಂದು ಫಲಕವೂ ಬಂತು.

‘ಪಾದಚಾರಿಗಳ ಗಮನಕ್ಕೆ. ಒಂದು, ಅಲೆಗಳ ಹತ್ತಿರ ಹೋಗಬಾರದು. ಎರಡು, ಶಂಖ ಮತ್ತು ಕಪ್ಪೆಚಿಪ್ಪುಗಳನ್ನು ಒಯ್ಯಬಾರದು. ಮೂರು, ಹಡಗುಗಳಿಗೆ ಕೈಬೀಸಬಾರದು. ನಾಲ್ಕು, ಜಾನುವಾರುಗಳಿಗೆ ಪ್ರವೇಶವಿಲ್ಲ.’

ಮೊದಲಿನ ಮೂರು ನಿಯಮಗಳನ್ನು ಬೀರವಾಡಿಯ ಜನ ಒಂದು ದಿನವೂ ಮುರಿಯಲಿಲ್ಲ. ನಾಲ್ಕನೆಯದು ಖಂಡೆಪ್ಪನ ಕುತ್ತಿಗೆಗೆ ಬಂತು.

ಖಂಡೆಪ್ಪ ಕುರಿ ಕಾಯುವವನು. ಅವನ ಅಜ್ಜನ ಕಾಲದಿಂದ ಹಟ್ಟಿಯ ಕುರಿ ನೀರಿಗೆ ಹೋಗುವ ದಾರಿ ಅದೊಂದೇ. ಇನ್ನೊಂದು ದಾರಿ ಎಂದರೆ ಮುರುಮ ಪೇಟೆಯ ಕಡೆ ಕಬ್ಬಿನ ಲಾರಿ ಓಡುವ ರಸ್ತೆ. ಸಕ್ಕರೆ ಕಾರಖಾನೆ ಶುರುವಾದರೆ ಆ ರಸ್ತೆಯ ಮೇಲೆ ಮನುಷ್ಯರೇ ಜೀವ ಕೈಯಲ್ಲಿ ಹಿಡಿದು ನಡೆಯಬೇಕು. ಹೋದ ಸುಗ್ಗಿಯಲ್ಲಿ ಆ ಕಡೆ ಮೇಯಿಸಲು ಹೋದಾಗ ಒಂದು ಲಾರಿ ಹಿಂಡಿನೊಳಗೇ ನುಗ್ಗಿತ್ತು. ಅಂದಿನಿಂದ ಖಂಡೆಪ್ಪ ಆ ಕಡೆ ಕುರಿ ಹೊಡೆದಿಲ್ಲ. ಪಥ ಶುರುವಾಗಿ ನಾಲ್ಕು ತಿಂಗಳಿಗೆ ಅದಕ್ಕೆ ಗೇಟು ಬಿದ್ದ ಮೇಲೆ ಅವನ ಹೆಂಡತಿ ಮಾಳಮ್ಮ ಮೂರು ದಿನ ಬೋರಿನಿಂದ ಕೊಡ ಹೊತ್ತು ಕುರಿಗೆ ನೀರು ಕುಡಿಸಿದಳು. ಹಾಲೂಡುವ ಕುರಿಗಳ ಕೆಚ್ಚಲು ಬತ್ತತೊಡಗಿತು, ಮರಿಗಳು ಅವನ್ನು ಗುದ್ದಿ ಗುದ್ದಿ ಸೋತವು.

ನಾಲ್ಕನೆಯ ದಿನ ಮಾಳಮ್ಮ ಕೊಡ ಇಳಿಸಿದಳು. “ನನ್ನ ನಡಾ ಹೋತು. ನೀ ಕಚೇರಿಗೆ ಹೋಗ್ತಿಯೋ, ನಾ ಹೋಗ್ಲೋ?”

ಖಂಡೆಪ್ಪ ರುಮಾಲು ಸುತ್ತಿಕೊಂಡು ಹೊರಟ.

ಉಮರ್ಗಾದಲ್ಲಿ ತಾಲೂಕಾ ಕಡಲತೀರ ಅಧಿಕಾರಿ ಸ್ವಪ್ನಾಲಿ ಮೇಡಂ ಕುರ್ಚಿಯ ಮೇಲೆ ತಲೆಗೆ ಕೈಹಚ್ಚಿ ಕುಳಿತಿದ್ದರು. ಗ್ರಾಮಸೇವಕರು ಪಕ್ಕದಲ್ಲಿ ಒಂದು ದಪ್ಪ ರಜಿಸ್ಟರ್ ಹಿಡಿದು ನಿಂತಿದ್ದರು. ನಾಲ್ಕು ತಿಂಗಳಾದರೂ ಅದರಲ್ಲಿ ಒಬ್ಬ ಪಾದಚಾರಿಯ ಹೆಸರೂ ಇರಲಿಲ್ಲ.

“ಮೇಡಂ, ನನ್ನ ಕುರಿ ನೀರಡಿಸ್ಯಾವರಿ. ದಾರಿ ಬಿಡ್ರಿ,” ಎಂದ ಖಂಡೆಪ್ಪ.

“ದಾರಿ ಕುರೀದಲ್ಲಪ್ಪ, ಪಾದಚಾರಿಗಳದು. ಈ ತಿಂಗಳ ಕೊನಿಗೂ ರಜಿಸ್ಟರ್ ಖಾಲಿ ಇತ್ತಂದ್ರ ಸಮುದ್ರ ರದ್ದಾಗ್ತದ.”

ಖಂಡೆಪ್ಪನ ಮುಖ ಅರಳಿತು. “ಆಗಲಿ ಬಿಡ್ರಿ. ನಮ್ಮ ದಾರಿ ನಮಗ ಬರ್ತದಲ್ಲ.”

“ಹಂಗ ಬರಂಗಿಲ್ಲ. ರದ್ದಾದ್ರ ಚೌಕಶಿ ಆಗ್ತದ, ಅಂದ್ರ ಸರ್ಕಾರಿ ತನಿಖೆ. ಚೌಕಶಿ ಮುಗಿಯೂತನಕ ತಲಾವಿನ ಸುತ್ತ ತಂತಿಬೇಲಿ. ಕೊಂಕಣದ ಕಡಿ ಒಂದು ಚೌಕಶಿ ಹನ್ನೊಂದು ವರ್ಷದಿಂದ ನಡದದ.”

ಹನ್ನೊಂದು ವರ್ಷ ಯಾವ ಕುರಿ ನೀರಿಲ್ಲದೆ ಇದ್ದೀತು? ಖಂಡೆಪ್ಪ ನೆಲಕ್ಕೆ ಕುಂತುಬಿಟ್ಟ. ರುಮಾಲಿನ ತುದಿಯಿಂದ ಕಣ್ಣು ಒರೆಸಿಕೊಂಡ.

ಆಗ ರೇಣುಕಾಪ್ರಸಾದರು ಗಂಟಲು ಸರಿಪಡಿಸಿಕೊಂಡು, ಪಾದಚಾರಿ ಎಂದರೆ ‘ಪಥದ ಮೇಲೆ ಕಾಲಿನಿಂದ ನಡೆಯುವ ವ್ಯಕ್ತಿ’ ಎಂದಷ್ಟೇ ಸುತ್ತೋಲೆಯಲ್ಲಿದೆ, ಎಷ್ಟು ಕಾಲು ಎಂದು ಇಲ್ಲ, ಎಂಬುದನ್ನು ಮೇಡಂ ಅವರ ಗಮನಕ್ಕೆ ತಂದರು. ಮೇಡಂ ಸುತ್ತೋಲೆಯನ್ನು ಎರಡು ಸಲ ಓದಿದರು.

“ಎಷ್ಟು ಕುರಿ ಅವ?” ಎಂದರು.

ಖಂಡೆಪ್ಪ ಗಲ್ಲ ಬಡಿದುಕೊಂಡ. “ಕುರಿ ಎಣಸೂ ಪದ್ಧತಿ ಇಲ್ಲರಿ ನಮ್ಮಾಗ. ಎಣಿಸಿದ ಹಟ್ಟಿ ಏಳಿಗಿ ಆಗಂಗಿಲ್ಲ. ಬೀರಪ್ಪ ಮುನಿತಾನ.”

“ಮತ್ತ ಒಂದು ಕಳದ್ರ ಹೆಂಗ ಗೊತ್ತಾಗ್ತದ?”

“ಮಾರಿ ನೋಡಿದ್ರ ಗೊತ್ತಾಗ್ತದರಿ. ಒಂದೊಂದಕ್ಕೂ ಹೆಸರದ.”

“ಹೆಸರದ?” ಮೇಡಂ ರೇಣುಕಾಪ್ರಸಾದರನ್ನು ನೋಡಿದರು. “ಬರಕೋರಿ.”

ಕುರಿ ಎಂದು ಎಣಿಸಿ ಬರೆದಿದ್ದರೆ ಆ ಕಾಗದ ಪಶುವೈದ್ಯ ಖಾತೆಗೆ ಹೋಗುತ್ತಿತ್ತು. ಹೆಸರು ಬರೆದದ್ದರಿಂದ ಪ್ರವಾಸೋದ್ಯಮಕ್ಕೆ ಹೋಯಿತು. ಸಂಜೆಯ ತನಕ ಖಂಡೆಪ್ಪ ಕಣ್ಣುಮುಚ್ಚಿ ಹಿಂಡನ್ನು ಮನಸ್ಸಿನಲ್ಲಿ ನಡೆಸಿಕೊಂಡು ಹೇಳುತ್ತ ಹೋದ, ಗ್ರಾಮಸೇವಕರು ಬರೆಯುತ್ತ ಹೋದರು. ಬೋಳಿ, ಹೆಣ್ಣು, ವಯಸ್ಸು ಮೂರು, ವಾಸ ಬೀರವಾಡಿ, ಹವ್ಯಾಸ ನಡಿಗೆ. ಕೆಂಚ, ಗಂಡು, ವಯಸ್ಸು ಎರಡು. ಮುರಕಿವಿ, ಚುಕ್ಕಿ, ಸಣ್ಣ ಚುಕ್ಕಿ, ದಿನ್ನಿ ಮ್ಯಾಲ ಹುಟ್ಟಿದಾಕಿ.

ಮರುದಿನ ಬೆಳಿಗ್ಗೆ ಗೇಟು ತೆರೆಯಿತು. ಹಿಂಡು ಫರಶಿಯ ಮೇಲೆ ಟಕಟಕ ನಡೆದು, ಒಂದನೆಯ ನಿಯಮವನ್ನು ಮೀರಿ ನೀರಿಗೆ ಬಾಯಿ ಹಾಕಿತು. ಖಂಡೆಪ್ಪ ದಂಡೆಯ ಮೇಲೆ ನಿಂತು, ಅವು ಕುಡಿಯುವ ಸಪ್ಪಳ ಕೇಳಿ ಹೊಟ್ಟೆ ತುಂಬಿಸಿಕೊಂಡ.

ಮೂರು ತಿಂಗಳಲ್ಲಿ ಬೀರವಾಡಿ ಕೊಂಕಣದ ಕಡಲೂರುಗಳನ್ನೆಲ್ಲ ಹಿಂದೆ ಹಾಕಿತು. ಅಲ್ಲಿ ಶನಿವಾರ ಭಾನುವಾರ ನಾಲ್ಕು ಜನ ನಡೆದರೆ ಹೆಚ್ಚು. ಇಲ್ಲಿಯ ಪಾದಚಾರಿಗಳು ದಿನಾಲೂ, ಹೋಗುತ್ತ ಬರುತ್ತ, ರಜೆ ಇಲ್ಲದೆ ನಡೆಯುತ್ತಿದ್ದರು. ಅವರಲ್ಲಿ ಯಾರಿಗೂ ಎಂಟು ವರ್ಷ ದಾಟಿರಲಿಲ್ಲವಾದ್ದರಿಂದ, ಮಕ್ಕಳಲ್ಲಿ ನಡಿಗೆಯ ಅಭಿರುಚಿ ಬೆಳೆಸಿದ ಗ್ರಾಮ ಎಂಬ ಪ್ರಶಸ್ತಿಯ ಢಾಲೂ ಸಿಕ್ಕಿತು. ಖಂಡೆಪ್ಪ ಉದಗೀರ ಸಂತೆಯಲ್ಲಿ ಕೆಂಚನನ್ನು ಮಾರಿಬಂದಾಗ ರಜಿಸ್ಟರಿನಲ್ಲಿ ಒಬ್ಬ ಪಾದಚಾರಿ ಕಡಿಮೆಯಾದ. ಕಾರಣದ ಅಂಕಣದಲ್ಲಿ ‘ಸಮುದ್ರಪಾಲು’ ಎಂದು ಬರೆದು, ಪಂಚಾಯತಿಯಲ್ಲಿ ಎರಡು ನಿಮಿಷ ಮೌನ ಆಚರಿಸಲಾಯಿತು. ಖಂಡೆಪ್ಪ ಖರೇನೇ ಅತ್ತ. ಕೆಂಚ ಅವನ ಕೈಯಿಂದ ರೊಟ್ಟಿ ತಿಂದು ಬೆಳೆದ ಟಗರು.

ಇಷ್ಟು ಹೆಸರಾದ ಮೇಲೆ ಯಾರಾದರೂ ಬರಲೇಬೇಕಲ್ಲ. ಒಂದು ದಿನ ಪುಣೆಯಿಂದ ಪೂನಮ್ ಎಂಬ ಹುಡುಗಿ ಬಂದಳು. ಬೆನ್ನಿಗೆ ಚೀಲ, ಕೈಯಲ್ಲಿ ಕೋಲು, ತಲೆಗೆ ಅಗಲ ಟೋಪಿ. ಗುಡಿಯಿಂದ ನಾಲ್ಕು ಕಿಲೋಮೀಟರ್ ಬಿಸಿಲಲ್ಲಿ ನಡೆದು, ತಲಾವಿನ ದಂಡೆಗೆ ಬಂದು, ಎಡಕ್ಕೆ ನೋಡಿದಳು, ಬಲಕ್ಕೆ ನೋಡಿದಳು. ಕುರಿ ನೀರು ಕುಡಿಯುತ್ತಿದ್ದವು.

“ಕಾಕಾ, ಸಮುದ್ರ ಕುಠೇ ಆಹೇ?” ಎಂದು ಮರಾಠಿಯಲ್ಲಿ ಕೇಳಿದಳು.

ಖಂಡೆಪ್ಪ ಹುಟ್ಟಿದಾಗಿನಿಂದ ಸುಳ್ಳಾಡಿದವನಲ್ಲ. ಸಮುದ್ರ ಎಲ್ಲಿದೆ ಎಂದು ಅಲ್ಲಿಯ ತನಕ ಅವನನ್ನು ಯಾರೂ ಕೇಳಿರಲೂ ಇಲ್ಲ. ಇಲ್ಲ ಎಂದರೆ ಹುಡುಗಿ ಬರೆಯುತ್ತಾಳೆ, ಬರೆದರೆ ಚೌಕಶಿ, ಚೌಕಶಿ ಎಂದರೆ ತಂತಿಬೇಲಿ. ಸಣ್ಣ ಚುಕ್ಕಿ ಆಗತಾನೇ ಎರಡು ಮರಿ ಹಾಕಿದ್ದಳು. ಅವನು ಬೀರಪ್ಪನಿಗೆ ಮನಸ್ಸಿನಲ್ಲೇ ಕೈಮುಗಿದ.

“ಇಳಿತ ಅದವ್ವಾ. ನೀರು ಹಿಂದ ಸರದದ,” ಎಂದು ಪಡುವಣದ ಕಡೆ ಕೈಮಾಡಿ, ಅದನ್ನೇ ಮರಾಠಿಯಲ್ಲಿಯೂ ಹೇಳಿದ.

“ಎಷ್ಟು ಹಿಂದೆ?”

“ನಾಕನೂರು ಕಿಲೋಮೀಟರ್.”

ಹುಡುಗಿ ಆ ಕಡೆ ಬಹಳ ಹೊತ್ತು ನೋಡಿದಳು. ಫೋಟೋ ತೆಗೆದಳು. ಆಮೇಲೆ ಗೇಟಿನ ರಜಿಸ್ಟರಿನಲ್ಲಿ ಸಹಿ ಮಾಡಿ, ‘ಇಳಿತದ ವೇಳೆಯಲ್ಲೂ ತೀರ ಬಹಳ ಸುಂದರ, ಜನಸಂದಣಿ ಮಾತ್ರ ಜಾಸ್ತಿ’ ಎಂದು ಬರೆದಳು. ನಾಳೆ ಮತ್ತೆ ಬರುತ್ತೇನೆ ಎಂದು ಹೇಳಿ ಮುರುಮದ ಬಸ್ಸು ಹತ್ತಿದಳು.

ಖಂಡೆಪ್ಪ ಮನೆಗೆ ಬಂದು ಹೊಸ್ತಿಲ ಮೇಲೆ ಕುಂತ. ಸುಳ್ಳು ಎದೆಯಲ್ಲಿ ಕೂತು ಉರಿಯುತ್ತಿತ್ತು. ಮಾಳಮ್ಮ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು.

“ಏನ್ ಕೇಳಿದಳು ಆ ಹುಡುಗಿ?”

“ಸಮುದ್ರ ಎಲ್ಲದ ಅಂದಳು.”

“ನೀ ಏನಂದಿ?”

“ಹಿಂದ ಸರದದ ಅಂದೆ. ನಾಳಿ ನೋಡಾಕ ಬರ್ತೀನಿ ಅಂದಾಳ.”

ಮಾಳಮ್ಮ ರೊಟ್ಟಿ ಹಂಚಿಗೆ ಹಾಕಿ, ಮೇಲೆ ನೀರು ಸವರಿದಳು.

“ಹಂಗಾರ ನಾಳಿ ಕುರಿ ಲಗೂನ ಹೊಡಕೊಂಡು ಹೋಗು,” ಅಂದಳು. “ಸಮುದ್ರ ತಿರುಗಿ ಬಂದು ನೀರು ಉಪ್ಪಾಗೂಕಿಂತ ಮೊದಲ ಕುಡೀಲಿ.”