ನವಶ್ರವಣ ಯಂತ್ರ ಮತ್ತು ಮೌಲಾಲಿಯ ಹಾಡು

"ಎಲ್ಲಾರೂ ಒಂದ್ ಹೆಜ್ಜಿ ಹಿಂದಕ್ಕ ಸರೀರಿ!" ಎಂದ ಪಂಚಾಕ್ಷರಿ.

ಸರಿಯುವುದಾದರೂ ಎಲ್ಲಿಗೆ? ಹುಬ್ಬಳ್ಳಿಯ ನಮ್ಮ ಓಣಿಯಲ್ಲಿ ಅವನ ಪಡಸಾಲೆಯಷ್ಟು ಇಕ್ಕಟ್ಟಾದದ್ದು ಇನ್ನೊಂದಿಲ್ಲ. ಅರ್ಧ ಜಾಗ ಅವನ ಹೊಸ ಯಂತ್ರಗಳಿಗೆ, ಉಳಿದರ್ಧ ಕೆಟ್ಟುಹೋದ ಹಳೆಯ ಯಂತ್ರಗಳಿಗೆ. ನಾವು ಮೂವರು ಗೋಡೆಗೆ ಬೆನ್ನು ಹಚ್ಚಿ ಕೂತಿದ್ದೆವು. ಪಂಚಾಕ್ಷರಿ ಹೊಸ ಯಂತ್ರದ ಮೇಲೆ ಹೊದಿಸಿದ್ದ ಹೆಂಡತಿಯ ಹಳೆ ಸೀರೆಯನ್ನು ಸರ್ರನೆ ಎಳೆದ. ಕೆಳಗಿದ್ದದ್ದು ಬ್ಯೂಟಿ ಪಾರ್ಲರಿನಲ್ಲಿ ಹೆಂಗಸರ ಕೂದಲು ಒಣಗಿಸಲು ತಲೆಗೆ ಕವುಚುತ್ತಾರಲ್ಲ, ಆ ದೊಡ್ಡ ಟೋಪಿ. ಸುತ್ತ ಹತ್ತಾರು ವೈರು, ಮಿಕ್ಸರಿನಿಂದ ಕಿತ್ತ ಒಂದು ಸ್ವಿಚ್ಚು, ನೆತ್ತಿಯ ಮೇಲೆ ಗುಬ್ಬಿಯಂತೆ ಚಿಲಿಪಿಲಿಗುಟ್ಟುವ ಕರೆಗಂಟೆ. ಪಾರ್ಲರ್ ತೆಗೆಯುವ ವಿಚಾರವೇನಾದರೂ ಇದೆಯೇ ಎಂದು ಮೌಲಾಲಿ ಕೇಳಿದ. ಪಂಚಾಕ್ಷರಿ ಅವನ ಕಡೆ ನೋಡಲೇ ಇಲ್ಲ.

ಇದರ ಹೆಸರು ನವಶ್ರವಣ ಯಂತ್ರವಂತೆ. ತಲೆಯೊಳಗೆ ಕೂತಿರುವ ಒಂದು ಹಾಡನ್ನು ಹುಡುಕಿ, ಅದೊಂದನ್ನೇ ಒರೆಸಿ ಹಾಕುತ್ತದಂತೆ. ಆಮೇಲೆ ಅದೇ ಹಾಡು ಹಚ್ಚಿದರೆ ಜನ್ಮದಲ್ಲಿ ಮೊದಲ ಸಲ ಕೇಳಿದ ಹಾಗೆ ಮೈ ಜುಂ ಎನ್ನುತ್ತದಂತೆ. ಪಂಚಾಕ್ಷರಿ ಮೂವತ್ತು ವರ್ಷ ದೊಡ್ಡ ಆಸ್ಪತ್ರೆಯೊಂದರಲ್ಲಿ ಮಿದುಳಿನ ಅಲೆಗಳನ್ನು ಅಳೆಯುವ ಯಂತ್ರಗಳನ್ನು ರಿಪೇರಿ ಮಾಡಿದವನು. ಮಿದುಳಿನ ಬಗ್ಗೆ ತನಗೆ ತಿಳಿಯದ್ದೇನಿದೆ ಎಂಬ ಧೈರ್ಯ ಅಲ್ಲಿಂದ ಬಂದದ್ದು. ಇದಕ್ಕೆ ಮುಂಚೆ ಅವನು ಮಾಡಿದ್ದ ತಾನೇ ಶ್ರುತಿಗೂಡುವ ತಂಬೂರಿ ತಾನು ಮಾತ್ರ ಶ್ರುತಿಗೂಡದೆ ಓಣಿಯ ನಾಯಿಗಳನ್ನೆಲ್ಲ ಶ್ರುತಿಗೂಡಿಸಿತ್ತು.

ನಮ್ಮ ಗುಂಪಿನ ಬಗ್ಗೆ ಹೇಳಬೇಕು. ನಾವು ನಾಲ್ಕು ಜನ. ಪಂಚಾಕ್ಷರಿ, ಟೇಲರ್ ಮೌಲಾಲಿ, ಗಣಿತದ ಪ್ರಮೀಳಾ ಟೀಚರ್, ಮತ್ತು ಅಂಚೆ ಕಚೇರಿಯಿಂದ ನಿವೃತ್ತನಾದ ಅಚ್ಯುತ, ಅಂದರೆ ನಾನು. ಪ್ರತಿ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಒಬ್ಬೊಬ್ಬರೂ ಒಂದೊಂದು ಹೊಸ ಹಾಡು ತರಬೇಕು. ಯಾವ ದೇಶದ್ದಾದರೂ ಸರಿ, ಯಾವ ಬಗೆಯದಾದರೂ ಸರಿ. ಪಂಚಾಕ್ಷರಿಗೆ ಗಜಲ್ ಹುಚ್ಚು. ಅರವತ್ತು ದಾಟಿದ ಪ್ರಮೀಳಾ ಟೀಚರಿಗೆ ಕಿವಿ ಹರಿಯುವಂಥ ಹೆವಿ ಮೆಟಲ್ಲೇ ಆಗಬೇಕು. ಮೌಲಾಲಿ ದಿನವಿಡೀ ಹೊಲಿಗೆ ಮಷೀನಿನ ಪಕ್ಕ ಏನಾದರೂ ಹಚ್ಚಿಕೊಂಡೇ ಇರುತ್ತಾನೆ, ತತ್ವಪದದಿಂದ ಹಿಡಿದು ಆಫ್ರಿಕಾದ ಡೋಲಿನವರೆಗೆ. ನಾನು ಏನು ತಂದರೂ "ಇದನ್ನ ರೇಡಿಯೋದೊಳಗ ಕೇಳೀವಿ ಬಿಡ್ರಿ" ಎಂಬ ಉತ್ತರ ಸಿದ್ಧವಾಗಿರುತ್ತಿತ್ತು.

ನಮ್ಮಲ್ಲೊಂದು ರೂಢಿ. ಹಾಡನ್ನು ಕರೆಯುವುದು ತಂದವರ ಹೆಸರಿನಿಂದ. ಟೀಚರ ಹಾಡು, ಪಂಚಾಕ್ಷರಿಯ ಹಾಡು, ಹೀಗೆ. ಹಾಡಿದವರ ಹೆಸರು ಮರೆತುಹೋದರೂ ತಂದವರ ಹೆಸರು ಉಳಿಯುತ್ತದೆ. ನಮಗ್ಯಾರಿಗೂ ಹಾಡಲು ಬರುವುದಿಲ್ಲ, ಬಾರಿಸಲು ಬರುವುದಿಲ್ಲ. ಹುಡುಕಿ ತಂದೆವು ಎಂಬುದೊಂದೇ ನಮಗಿದ್ದ ದೊಡ್ಡಸ್ತಿಕೆ.

ಆ ಎಲ್ಲ ಹಾಡುಗಳಲ್ಲಿ ದೊಡ್ಡದು "ಅಚ್ಯುತನ ಹಾಡು". ಯಾವ ಭಾಷೆ ಎಂದು ಇಂದಿಗೂ ಯಾರಿಗೂ ತಿಳಿದಿಲ್ಲ. ಒಬ್ಬ ಮುದುಕಿ, ಒಂದೇ ತಂತಿಯ ವಾದ್ಯ, ಅಷ್ಟೇ. ನಡುವೆ ಯಾರೋ ಕೆಮ್ಮುತ್ತಾರೆ, ಆಕೆ ಹಾಡುತ್ತಲೇ ನಕ್ಕುಬಿಡುತ್ತಾಳೆ, ನಗುತ್ತಲೇ ಮೇಲಿನ ಸ್ವರಕ್ಕೆ ಏರುತ್ತಾಳೆ. ಮೊದಲ ಸಲ ಕೇಳಿದಾಗ ಪ್ರಮೀಳಾ ಟೀಚರ್ ಕನ್ನಡಕ ತೆಗೆದು ಕಣ್ಣೊರೆಸಿಕೊಂಡಿದ್ದರು.

ಆ ಹಾಡು ನನ್ನದಲ್ಲ. ಮೌಲಾಲಿಯದು.

ಇಪ್ಪತ್ತೆರಡು ವರ್ಷದ ಹಿಂದೆ ಒಂದು ಗುರುವಾರ ಅವನು ಆ ಕ್ಯಾಸೆಟ್ಟನ್ನು ಅಂಗಿಯ ತೋಳಿಗೆ ಒರೆಸಿ ನನ್ನ ಕೈಗೆ ಕೊಟ್ಟು, ಕೇಳಿಕೊಂಡು ಬಾ, ಕೂತು ಮಾತಾಡೋಣ ಎಂದಿದ್ದ. ಆ ಭಾನುವಾರ ಮದುವೆಯ ಬಟ್ಟೆ ಹೊಲಿಯುವ ಅವಸರ, ಅವನು ಬರಲಿಲ್ಲ. ನಾನು ಹಚ್ಚಿದೆ. ಟೀಚರ್ ಅತ್ತರು, ಪಂಚಾಕ್ಷರಿ ಎದ್ದು ಬಂದು ನನ್ನ ಬೆನ್ನು ತಟ್ಟಿದ. ಎಲ್ಲಿ ಸಿಕ್ಕಿತು ಎಂದು ಕೇಳಿದರು. ಅಲ್ಲಿಯವರೆಗೆ ಯಾರೂ ನನ್ನ ಬೆನ್ನು ತಟ್ಟಿರಲಿಲ್ಲ. ಬಸ್‌ಸ್ಟ್ಯಾಂಡ್ ಹಿಂದೆ ಫುಟ್‌ಪಾತಿನಲ್ಲಿ ಸಿಕ್ಕಿತು ಎಂದುಬಿಟ್ಟೆ.

ಮುಂದಿನ ವಾರ ಮೌಲಾಲಿ ಬಂದು, ಅದು ನಾ ಕೊಟ್ಟದ್ದಲ್ಲೇನೋ ಎಂದ. ಅಷ್ಟು ಹೊತ್ತಿಗೆ ನಾನು ಹಿಂದಕ್ಕೆ ಬರುವ ಹಾಗಿರಲಿಲ್ಲ. ನನ್ನ ಕ್ಯಾಸೆಟ್ಟನ್ನೇ ನೀನು ಒಯ್ದು ತಿರುಗಿ ಕೊಟ್ಟದ್ದು ಎಂದು ವಾದಿಸಿದೆ. ಎಲ್ಲರೂ ನಕ್ಕರು. ಅಂದಿನಿಂದ ಅದು ಗುಂಪಿನ ಕಾಯಂ ತಮಾಷೆಯಾಯಿತು. ಮೊದಮೊದಲು ಮೌಲಾಲಿಯೂ ನಗುತ್ತಿದ್ದ. ಆಮೇಲೆ ಬಿಟ್ಟ. ನಾನದನ್ನು ಗಮನಿಸಿದ್ದೆ, ಗಮನಿಸಿಯೂ ಸುಮ್ಮನಿದ್ದೆ.

ಇರಲಿ, ಯಂತ್ರಕ್ಕೆ ಬರೋಣ.

ಮೊದಲು ಪಂಚಾಕ್ಷರಿ ತಾನೇ ಟೋಪಿಯೊಳಗೆ ತಲೆಯಿಟ್ಟು ತನ್ನ ಮೆಚ್ಚಿನ ಗಜಲನ್ನು ಒರೆಸಿಕೊಂಡ. ಗುಬ್ಬಿ ಚಿಲಿಪಿಲಿ ಎಂದಿತು. ಗಜಲ್ ಹಚ್ಚಿದೆವು. ಅವನ ಕಣ್ಣು ಅರಳಿದ್ದನ್ನು ನೋಡಬೇಕಿತ್ತು! ಸಾವಿರ ಸಲ ಕೇಳಿದ ಹಾಡಿಗೆ ಹಸುಗೂಸಿನ ಹಾಗೆ ಬಾಯಿ ತೆರೆದು ಕೂತ. ಟೀಚರ್ ಅವನನ್ನು ಎಬ್ಬಿಸಿ ತಾವು ಕೂತರು. ಅವರ ಮೆಟಲ್ ಹಾಡನ್ನು ಮತ್ತೆ "ಮೊದಲ ಸಲ" ಕೇಳಿ ಅವರು ಹಾರಿದ ರಭಸಕ್ಕೆ ಗೋಡೆಯ ಕ್ಯಾಲೆಂಡರ್ ಕೆಳಗೆ ಬಿತ್ತು. ಹೊಸ ಹಾಡು ಹುಡುಕುವ ತಾಪತ್ರಯವೇ ತಪ್ಪಿತು ಎಂದು ಎಲ್ಲರಿಗೂ ಖುಷಿ.

ನಾನು ಮಾತ್ರ ಕೂರಲಿಲ್ಲ. ಆ ಯಂತ್ರ ತಲೆಯೊಳಗೆ ಹುಡುಕಾಡುತ್ತದೆ ಎಂಬುದೇ ನನಗೆ ಸರಿಬರಲಿಲ್ಲ.

ಎಡವಟ್ಟು ಶುರುವಾದದ್ದು ಸೋಮವಾರ. ಪ್ರಮೀಳಾ ಟೀಚರ್ ಟ್ಯೂಷನ್ ಮಕ್ಕಳೆದುರು ನಿಂತು ಹದಿನಾರರ ಮಗ್ಗಿಯನ್ನು ಹದಿನಾರು ಮೂರಲೆವರೆಗೆ ಹೇಳಿ ನಿಂತುಬಿಟ್ಟರು. ಮುಂದಿನದು ಬರಲೊಲ್ಲದು! ಮೂವತ್ತು ವರ್ಷ ಆ ಹಾಡು ಹಾಕಿಕೊಂಡೇ ಉತ್ತರಪತ್ರಿಕೆ ತಿದ್ದಿದ್ದರಲ್ಲ, ಹಾಡಿಗೆ ಅಂಟಿಕೊಂಡಿದ್ದ ಲೆಕ್ಕವೂ ಜೊತೆಗೇ ಹೋಗಿತ್ತು. ಅದೇ ಸಂಜೆ ಪಂಚಾಕ್ಷರಿ ಚಹಾ ತಂದ ಹೆಂಡತಿ ಶಿವಲೀಲಾಳನ್ನು ನೋಡುತ್ತ, ನಿನ್ನನ್ನು ನೋಡಲು ನಾನೇನು ನಿಮ್ಮ ಮನೆಗೆ ಬಂದಿದ್ದೆನೇ, ಹೇಗೆ ಎಂದು ಕೇಳಿದ. ಆ ಗಜಲ್ ಅವರ ಕನ್ಯಾ ನೋಡುವ ದಿನ ಪಕ್ಕದ ಮನೆಯಿಂದ ಕೇಳಿಬರುತ್ತಿತ್ತಂತೆ.

"ಬಂದಿದ್ರಿ," ಎಂದಳು ಶಿವಲೀಲಾ. "ಉಪ್ಪಿಟ್ಟು ಎರಡು ಸಲ ಹಾಕಿಸಿಕೊಂಡ್ರಿ. ಒಪ್ಪಿಗಿ ಅಂತ ಹೇಳಿದ್ದು ನನಗೋ, ಉಪ್ಪಿಟ್ಟಿಗೋ, ಇವತ್ತಿಗೂ ಗೊತ್ತಾಗಿಲ್ಲ."

ಪಂಚಾಕ್ಷರಿ ಸೋಲೊಪ್ಪುವವನಲ್ಲ. ವಾರವಿಡೀ ಯಂತ್ರ ಬಿಚ್ಚಿ ಜೋಡಿಸಿದ. ಮುಂದಿನ ಭಾನುವಾರ, ಈಗ ಹಾಡಿನ ಜೊತೆ ಬೇರೇನೂ ಹೋಗುವುದಿಲ್ಲ, ಹೋದರೂ ಹೋದದ್ದು ಯಾರಿಗೂ ಬೇಡವಾದದ್ದೇ ಆಗಿರುತ್ತದೆ ಎಂದು ಸಾರಿದ. ಆ ಮಾತಿನ ಮೇಲೆ ಯಾರು ಕೂರುತ್ತಾರೆ? ಟೀಚರಂತೂ ಹದಿನೇಳರ ಮಗ್ಗಿಯಾದರೂ ಉಳಿಯಲಿ ಎಂದು ಬಾಗಿಲಲ್ಲೇ ನಿಂತರು.

ಎದ್ದು ಬಂದವನು ಮೌಲಾಲಿ. ಯಾವ ಹಾಡು ಎಂದು ಪಂಚಾಕ್ಷರಿ ಕೇಳಿದ. ಮೌಲಾಲಿ ನನ್ನ ಕಡೆ ನೋಡಿದ.

"ಅದ, ಇವನ ಹಾಡು. ಅದನ್ನ ಹಚ್ಚಿದಾಗೆಲ್ಲ ನನಗ ಬರೇ ಜಗಳ ಕೇಳಸ್ತೈತಿ. ಆ ಮುದುಕಿ ದನಿ ಕೇಳಸೂದ ನಿಂತು ಎಷ್ಟೋ ವರ್ಷ ಆತು. ಒಮ್ಮೆ ಹಾಡು ಕೇಳಬೇಕು ಅನಸೈತಿ."

ಟೋಪಿ ಹಾಕಿಕೊಳ್ಳುವ ಮುಂಚೆ ಅವನು ನನ್ನ ಹತ್ತಿರ ಬಂದು ಕೂತ. ತಮಾಷೆಯ ದನಿಯಲ್ಲ, ಜಗಳದ ದನಿಯೂ ಅಲ್ಲ.

"ಅಚ್ಯಾ, ಇದರೊಳಗ ಕುಂತ ಮ್ಯಾಲೆ ನನಗ ಏನೂ ನೆನಪ ಉಳಿಯೂದಿಲ್ಲ. ಈಗ ಒಮ್ಮೆ ಖರೇ ಹೇಳಿಬಿಡು. ನನಗ ಒಬ್ಬಾಂವಗ ಹೇಳು ಸಾಕು. ಯಾರ ಹಾಡು?"

ಆಣೆ ಮಾಡಿ ಹೇಳುತ್ತೇನೆ, ಬಾಯಿಗೆ ಬಂದಿತ್ತು. ಆದರೆ ಟೀಚರ್ ಬಾಗಿಲಲ್ಲಿ ಕಿವಿ ನಿಮಿರಿಸಿ ನಿಂತಿದ್ದರು. ಪಂಚಾಕ್ಷರಿ ನಗುತ್ತಿದ್ದ.

"ಮೊದಲ ಕೂತು ಬಾ. ಆಮ್ಯಾಲೆ ಹೇಳತೀನಿ," ಎಂದೆ.

ಎಲ್ಲರೂ ಗೊಳ್ಳೆಂದು ನಕ್ಕರು. ಮೌಲಾಲಿ ನಗಲಿಲ್ಲ. ಆಗಲಿ ಎನ್ನುವಂತೆ ನನ್ನ ಮೊಣಕಾಲು ತಟ್ಟಿ ಎದ್ದುಹೋದ. ಆ "ಆಮ್ಯಾಲೆ" ಎಂಬ ಒಂದು ಮಾತಿಗೆ ನನ್ನ ನಾಲಗೆಯನ್ನು ಎಷ್ಟು ಸಲ ಕಚ್ಚಿಕೊಂಡಿದ್ದೇನೋ ನನಗೇ ಗೊತ್ತು.

ಗುಬ್ಬಿ ಚಿಲಿಪಿಲಿ ಎಂದಿತು. ಹಾಡು ಹಚ್ಚಿದೆವು. ಮುದುಕಿ ನಕ್ಕಲ್ಲಿ ಅವನೂ ನಕ್ಕ, ಆಕೆ ಮೇಲೇರಿದಲ್ಲಿ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಹಾಡು ಮುಗಿದ ಮೇಲೆ ಕೈ ಇಳಿಸಿದ. ಆಮೇಲೆ, ಇದು ಯಾರು ತಂದದ್ದು ಎಂದು ಕೇಳಿದ. ರೂಢಿಯಂತೆ ಟೀಚರ್, ಅಚ್ಯುತನ ಹಾಡು ಎಂದರು. ಅವನು ಎದ್ದು ಬಂದು ನನ್ನನ್ನು ತಬ್ಬಿಕೊಂಡ.

"ಎಂಥಾ ಹಾಡ ಹುಡುಕಿ ತಂದೀಪಾ!"

ಇಪ್ಪತ್ತೆರಡು ವರ್ಷದ ಜಗಳ ಅವನ ತಲೆಯಲ್ಲಿ ಹೆಸರಿಗೂ ಉಳಿದಿರಲಿಲ್ಲ. ನಾನು ಗೆದ್ದಿದ್ದೆ. ಅಷ್ಟು ನಾಚಿಕೆ ನನಗೆ ಜೀವಮಾನದಲ್ಲಿ ಆಗಿರಲಿಲ್ಲ. ಅಲ್ಲೇ, ಎಲ್ಲರೆದುರೇ, ಹಾಡು ನನ್ನದಲ್ಲ, ನೀನೇ ಕೊಟ್ಟದ್ದು, ನಾನು ಸುಳ್ಳು ಹೇಳಿದ್ದೆ ಎಂದುಬಿಟ್ಟೆ.

ಯಾರೂ ನಂಬಲಿಲ್ಲ. ಪಂಚಾಕ್ಷರಿ, ಇದು ಹೊಸ ನಮೂನೆಯ ತಮಾಷೆ ಎಂದ. ಟೀಚರಿಗಂತೂ ಸಿಟ್ಟೇ ಬಂತು. ಆತನಿಗೆ ನೆನಪಿದ್ದಾಗ ಇಲ್ಲ ಎಂದಿರಿ, ಮರೆತ ಮೇಲೆ ಹೌದು ಎನ್ನುತ್ತೀರಿ, ಆತನನ್ನು ಮಳ್ಳು ಮಾಡುವುದಕ್ಕೂ ಒಂದು ಮಿತಿ ಬೇಡವೇ ಎಂದು ನನ್ನನ್ನು ತರಾಟೆಗೆ ತೆಗೆದುಕೊಂಡರು. ಮೌಲಾಲಿ ಮಾತ್ರ, ದೊಡ್ಡ ಮನಸ್ಸಿನವರು ಹೀಗೇ ಹೇಳುವುದು ಎಂದು ನನ್ನ ಪರ ವಹಿಸಿದ.

ನಾನು ಪಂಚಾಕ್ಷರಿಯ ಬೆನ್ನು ಹತ್ತಿದೆ. ಒರೆಸಿದ್ದನ್ನು ವಾಪಸು ಹಾಕು ಎಂದೆ. ಒರೆಸಿದ್ದು ಹೋಯಿತು, ಬೇಕಾದರೆ ಇನ್ನೊಬ್ಬರ ತಲೆಯಿಂದ ನಕಲು ಮಾಡಬಹುದು ಎಂದ. ನನ್ನ ತಲೆಯಿಂದಲೇ ಮಾಡು ಎಂದೆ. ಸತ್ಯ ಇದ್ದದ್ದು ಈಗ ಅದೊಂದರಲ್ಲೇ ತಾನೆ? ಪಾರ್ಲರಿನವಳನ್ನು ಬೇಡಿಕೊಂಡು ಇನ್ನೊಂದು ಟೋಪಿ ತಂದೆವು. ಮರುವಾರ ನಾನೂ ಮೌಲಾಲಿಯೂ ಅಕ್ಕಪಕ್ಕ ಟೋಪಿ ಹಾಕಿ ಕೂತೆವು. ಶಿವಲೀಲಾ ಒಳಗಿನಿಂದ ಇಣುಕಿ, ಇಬ್ಬರಿಗೂ ಮೆಹೆಂದಿ ಕಲಸಲೇ ಎಂದು ಕೇಳಿ ಹೋದಳು.

ನಾನು ಕಣ್ಣು ಮುಚ್ಚಿ ಆ ಗುರುವಾರವನ್ನು, ಆ ತೋಳಿಗೆ ಒರೆಸಿದ ಕ್ಯಾಸೆಟ್ಟನ್ನು, ಜೀವ ಬಿಗಿಹಿಡಿದು ನೆನೆದೆ. ಗುಬ್ಬಿ ಚಿಲಿಪಿಲಿ ಎಂದಿತು.

ಮೌಲಾಲಿ ಟೋಪಿ ತೆಗೆದು ಎದ್ದು ನಿಂತ. ಮುಖ ಬೆಳಗಿತ್ತು.

"ಕಂಡೆ! ಎಲ್ಲಾ ಕಂಡೆ! ಬಸ್‌ಸ್ಟ್ಯಾಂಡ್ ಹಿಂದಿನ ಫುಟ್‌ಪಾತ್. ಹಳೇ ಪುಸ್ತಕ ಮಾರೋ ಮುದುಕ. ಅಚ್ಯಾ ನೀಲಿ ಅಂಗಿ ಹಾಕ್ಯಾನ, ಕಿಸೆದಾಗ ಪೆನ್ನು ಸೋರಿ ಕಲೆ ಆಗೈತಿ. ಎರಡು ಕವ್ವಾಲಿ ಕ್ಯಾಸೆಟ್ ನಡುವ ಕೈ ಹಾಕಿ ಇದನ್ನ ತಗದ!"

ಅದ್ಯಾವುದೂ ನಡೆದದ್ದಲ್ಲ. ನೀಲಿ ಅಂಗಿಯನ್ನು ಟೀಚರ್ ಒಮ್ಮೆ ಅಡ್ಡಪ್ರಶ್ನೆ ಕೇಳಿದಾಗ ಸುಳ್ಳಿನೊಳಗೆ ತೊಟ್ಟುಕೊಂಡಿದ್ದೆ. ಸೋರಿದ ಪೆನ್ನನ್ನು ಎಂಟನೆಯ ವರ್ಷ, ಸುಳ್ಳು ಸಡಿಲವಾಯಿತು ಎನಿಸಿದಾಗ, ಬಿಗಿಗೆ ಸೇರಿಸಿದ್ದೆ.

"ಯಂತ್ರದ್ದೇನೂ ತಪ್ಪಿಲ್ಲ," ಎಂದ ಪಂಚಾಕ್ಷರಿ. "ಹೆಚ್ಚು ಸಲ ನೆನಸಿದ್ದನ್ನ ಅದು ತಗೋತೈತಿ."

ಇನ್ನೂ ಮೂರು ಸಲ ಇಬ್ಬರೂ ಕೂತೆವು. ಎರಡನೆಯ ಸಲ ಮೌಲಾಲಿಗೆ ಆ ಮುದುಕನ ಮೀಸೆ ಕಂಡಿತು, ಮೂರನೆಯ ಸಲ ಅವನ ಮೊಮ್ಮಗಳು. ಆ ಗುರುವಾರ ಮಾತ್ರ ಬರಲಿಲ್ಲ. ನಾನೇ ಅದನ್ನು ಮೂಲೆಗೆ ತಳ್ಳಿ ತಳ್ಳಿ ಹುಡುಕಿದರೂ ಸಿಗದ ಹಾಗೆ ಮಾಡಿಟ್ಟಿದ್ದೆ. ನಾಲ್ಕನೆಯ ಸಲಕ್ಕೆ ಟೋಪಿ ಹೊಗೆಯಾಡಿತು, ಗುಬ್ಬಿ ಕೊನೆಯ ಬಾರಿ ಕೂಗಿ ಸುಮ್ಮನಾಯಿತು.

ಈಗ ಹಾಡು ನಿನ್ನದು ಎಂದು ನಾನು, ನಿನ್ನದೇ ಎಂದು ಅವನು. ಪ್ರತಿ ಭಾನುವಾರ ಅವನೇ ಗೆಲ್ಲುತ್ತಾನೆ, ಕಣ್ಣಾರೆ ಕಂಡ ಸಾಕ್ಷಿಯಲ್ಲವೇ! ಅಳತೆ ಕೊಡಲು ಬಂದ ಗಿರಾಕಿಗಳಿಗೂ ಆ ಹಾಡು ಕೇಳಿಸಿ, ಇವರೇ ಹುಡುಕಿದವರು ಎಂದು ನನ್ನನ್ನು ತೋರಿಸುತ್ತಾನೆ. ಅವರು ಕುಲುಕಲು ಕೈ ಚಾಚುತ್ತಾರೆ. ನಾನು ಕೊಡುತ್ತೇನೆ.

ಮೊನ್ನೆ ಅಂಗಡಿಯಲ್ಲಿ ಹಾಡು ಮುಗಿದ ಮೇಲೆ ಮೌಲಾಲಿ ಸೂಜಿಗೆ ದಾರ ಪೋಣಿಸುತ್ತ, ಸಣ್ಣ ದನಿಯಲ್ಲಿ ಹೇಳಿದ.

"ಇಷ್ಟ ವರ್ಷ ಕೇಳಾಕಹತ್ತೀನಿ ಅಚ್ಯಾ, ಇಂಥಾದ್ದು ಒಂದ ಹಾಡು ನನ್ನ ಕೈಗೆ ಸಿಗಲಿಲ್ಲ ನೋಡು."

ಸಿಗುತ್ತದೆ ಬಿಡು ಎಂದೆ.