ಮ್ಯಾನೇಜರ ಹಳದಿ ಮೀನು

ಮ್ಯಾನೇಜರ ಮನೆಯ ಅಕ್ವೇರಿಯಂ ಸೋರತೊಡಗಿದ್ದೇ ಗುಮಾಸ್ತನ ಗ್ರಹಚಾರಕ್ಕೆ ಮೂಲ. ಇಡೀ ಆಫೀಸಿನಲ್ಲಿ ಸಮುದ್ರದ ಮೀನು ಸಾಕುವವರು ಅವರಿಬ್ಬರೇ. ಭಾನುವಾರ ಬೆಳಗ್ಗೆಯೇ ಮ್ಯಾನೇಜರು ತಮ್ಮ ಹಳದಿ ಮೀನನ್ನು ಉಪ್ಪುನೀರಿನ ಬಕೆಟ್ಟಿನಲ್ಲಿ ತಂದು, "ಸಂಜೆವರೆಗೆ ನೋಡ್ಕೊಳ್ಳಿ. ನಿಮ್ಮ ವರ್ಗಾವಣೆ ಕಾಗದಕ್ಕೆ ನಾಳೆ ಸಹಿ ಹಾಕ್ತೀನಿ" ಎಂದು ಹೋದರು.

ಹೆಂಡತಿ ಮಗಳು ಬೇರೆ ಊರಿನಲ್ಲಿ, ಗುಮಾಸ್ತ ಇಲ್ಲಿ. ಆ ಸಹಿಗಾಗಿ ಅವನು ವರ್ಷಗಟ್ಟಲೆ ಹಲ್ಲುಗಿಂಜಿದ್ದ. ಬಕೆಟ್ಟನ್ನು ಹಸುಗೂಸಿನಂತೆ ಒಳಗೊಯ್ದು, ಗಾಳಿಯ ಪಂಪು ಹಚ್ಚಿ, ತನ್ನ ಅಕ್ವೇರಿಯಂನಿಂದ ಮಾರುದೂರ ಇಟ್ಟ. ಆ ಅಕ್ವೇರಿಯಂನಲ್ಲಿ ಅವನ ಕಪ್ಪೆಮೀನಿತ್ತು. ತೆಂಗಿನಕಾಯಿಯಷ್ಟು ದಪ್ಪ, ಮೈತುಂಬ ಗಂಟು, ಈಜುವುದಕ್ಕೂ ಸೋಮಾರಿತನ. ಹಣೆಯ ಮೇಲಿನ ಎಳೆಯೊಂದನ್ನು ಹುಳುವಿನಂತೆ ಆಡಿಸುತ್ತ ಕೂತಿರುತ್ತದೆ. ಹತ್ತಿರ ಬಂದದ್ದು ಕಣ್ಣು ಮಿಟುಕಿಸುವುದರೊಳಗೆ ಹೊಟ್ಟೆ ಸೇರಿರುತ್ತದೆ.

ಗುಮಾಸ್ತ ಸ್ನಾನ ಮುಗಿಸಿ ಬಂದರೆ ಬಕೆಟ್ಟು ಖಾಲಿ. ತೆರೆದ ಬಾಗಿಲಿಂದ ಬಂದಿದ್ದ ಎದುರುಮನೆಯ ಅಕ್ಕ ಕೈ ಒರೆಸಿಕೊಳ್ಳುತ್ತ ನಿಂತಿದ್ದರು.

"ಪಾಪ, ಬಕೆಟ್ಟಲ್ಲಿ ಮುದುರಿಕೊಂಡಿತ್ತಪ್ಪ. ಅಷ್ಟು ದೊಡ್ಡ ಗಾಜಿನ ತೊಟ್ಟೀಲಿ ಬರೀ ಒಂದು ಕಲ್ಲಿಟ್ಟಿದ್ದೀಯಲ್ಲ, ಅದ್ರೊಳಗೆ ಬಿಟ್ಟೆ."

"ಅಯ್ಯೋ ಅಕ್ಕಾ, ಅದು ಕಲ್ಲಲ್ಲ!"

ಕಲ್ಲು ಆಗಲೇ ಬಾಯಿ ಮುಚ್ಚಿಕೊಂಡು, ಹೊಟ್ಟೆ ಉಬ್ಬಿಸಿ, ಏನೂ ಅರಿಯದಂತೆ ಕೂತಿತ್ತು.

ಗುಮಾಸ್ತನ ಕೂಗು ಕೇಳಿ ಮೇಲಿನ ಮನೆಯ ಮೇಷ್ಟ್ರು ಇಳಿದು ಬಂದರು. "ಗಾಬರಿ ಬೇಡ. ಉಪ್ಪುನೀರು ಕುಡಿಸಿ, ವಾಂತಿ ಮಾಡತ್ತೆ."

"ಅದು ಹುಟ್ಟಿದಾಗಿನಿಂದ ಕುಡೀತಿರೋದೇ ಅದನ್ನ, ಮೇಷ್ಟ್ರೇ!"

"ಹಾಗಾದ್ರೆ ತಲೆಕೆಳಗೆ ಹಿಡಿದು ಬೆನ್ನಿಗೆ ಗುದ್ದಪ್ಪ" ಎಂದರು ಅಕ್ಕ. ಆ ಪ್ರಾಣಿಗೆ ಬೆನ್ನು ಯಾವ ಕಡೆಗಿದೆಯೆಂದು ಮೇಷ್ಟ್ರು ಕನ್ನಡಕ ಏರಿಸಿಕೊಂಡು ಹುಡುಕತೊಡಗಿದರು.

ಅವರನ್ನು ಅಲ್ಲೇ ಬಿಟ್ಟು ಗುಮಾಸ್ತ ಊರಿನ ಅಕ್ವೇರಿಯಂ ಅಂಗಡಿಗಳನ್ನೆಲ್ಲ ಜಾಲಾಡಿದ. ಕಡೆಗೊಂದು ಅಂಗಡಿಯಲ್ಲಿ ಅದೇ ಬಣ್ಣದ, ಅದೇ ಅಳತೆಯ ಮೀನು ಸಿಕ್ಕಿತು. ತಂದು ಬಕೆಟ್ಟಿಗೆ ಬಿಟ್ಟು, ಅಕ್ಕನನ್ನೂ ಮೇಷ್ಟ್ರನ್ನೂ ಮನೆಗೆ ಕಳಿಸಿ, ಉಸಿರು ಎಳೆದುಕೊಳ್ಳುವಷ್ಟರಲ್ಲಿ ಮ್ಯಾನೇಜರು ಬಂದೇಬಿಟ್ಟರು.

ಬಗ್ಗಿ ನೋಡಿದರು. ಮತ್ತೆ ನೋಡಿದರು. "ಇದು ನಂದೇನ್ರೀ?"

"ನಿಮ್ದೇ ಸರ್."

ಮ್ಯಾನೇಜರ ಕಣ್ಣು ಒದ್ದೆಯಾಯಿತು. "ಮೂರು ವಾರದಿಂದ ಒಂದು ತುತ್ತು ಮುಟ್ಟಿರಲಿಲ್ಲ ಕಣ್ರೀ. ಇವತ್ತು ಸತ್ತೇಹೋಗತ್ತೆ ಅಂದ್ಕೊಂಡೇ ಇಲ್ಲಿ ಬಿಟ್ಟುಹೋದೆ. ಈಗ ನೋಡಿದ್ರೆ ಹೇಗೆ ಕುಣೀತಿದೆ! ಏನ್ರೀ ನಿಮ್ಮ ಕೈಗುಣ! ಇಂಥವರನ್ನ ಬೇರೆ ಊರಿಗೆ ಬಿಟ್ಟುಕೊಡೋಕಾಗತ್ತಾ? ಆ ವರ್ಗಾವಣೆ ಕಾಗದ ಹರಿದು ಹಾಕ್ತೀನಿ. ಮನೇಲಿ ಇನ್ನೂ ನಾಲ್ಕು ಮೀನು ನರಳ್ತಿವೆ, ನಾಳೆ ತರ್ತೀನಿ."

ಗುಮಾಸ್ತ ಬಾಯಿ ತೆರೆದ. ನಿಜ ಹೇಳಿದರೆ ಮ್ಯಾನೇಜರ ಮೀನನ್ನು ತನ್ನ ಮೀನಿಗೆ ತಿನ್ನಿಸಿದ ಪಾಪಿಯಾಗಬೇಕು. ತಾನೇ ಬಕೆಟ್ಟು ಎತ್ತಿ ಮ್ಯಾನೇಜರ ಕೈಗೆ ಕೊಟ್ಟ.

ಮ್ಯಾನೇಜರು ಬಕೆಟ್ಟು ಹಿಡಿದು ಅತ್ತ ಹೋದರು, ಇತ್ತ ಹೆಂಡತಿಯ ಫೋನು ಬಂತು.

"ಏನ್ರೀ, ನಾಳೆ ಸಹಿ ಹಾಕ್ತಾರಂತಾ?"

"ಅವರಿಗೆ ನನ್ನ ಮೇಲೆ ಭಾರೀ ಪ್ರೀತಿ ಕಣೇ" ಎಂದ ಗುಮಾಸ್ತ. ಅಳುವುದೊಂದು ಬಾಕಿಯಿತ್ತು.