ಪೇಪರ್ ಕಷ್ಟ ಇತ್ತು, ಬಚಾವ್!

ಒಂದೇ ಪರೀಕ್ಷೆಯನ್ನು ಕೆಲವರಿಗೆ ಬೆಳಿಗ್ಗೆ ಒಂದು ಪೇಪರ್, ಉಳಿದವರಿಗೆ ಮಧ್ಯಾಹ್ನ ಇನ್ನೊಂದು ಪೇಪರ್ ಕೊಟ್ಟು ನಡೆಸುವವರೆಗೆ ನಮ್ಮ ಮನೆಗಳಲ್ಲಿ ನಗುವಿಗೆ ಬರ ಬಾರದು. ನಾನು ಬರೆದದ್ದು ಸರಕಾರಿ ಲ್ಯಾಬ್ ಹುದ್ದೆಗೆ. ಸಿಗದಿದ್ದರೆ ಕಾರ್ಕಳದಲ್ಲಿ ಮಾವನ ಟೈಲ್ಸ್ ಅಂಗಡಿ ಕಾಯುತ್ತಿತ್ತು.

೧. ಗೇಟಿನ ಹೊರಗೆ

ಮಣಿಪಾಲದ ಕೇಂದ್ರದಿಂದ ಮಧ್ಯಾಹ್ನದ ಶಿಫ್ಟಿನವರೆಲ್ಲ ಕುಣಿಯುತ್ತ ಹೊರಬಂದೆವು. ಕಾಪುವಿನಿಂದ ಮಗಳನ್ನು ಕರೆತಂದಿದ್ದ ಅಪ್ಪ ಒಬ್ಬರು ನನ್ನನ್ನು ಕೇಳಿದರು, "ಸುಲಭ ಇತ್ತಾ?"

"ಇಲ್ಲ ಅಂಕಲ್, ಭಯಂಕರ ಕಷ್ಟ!" ಎಂದೆ.

ಬೆಳಿಗ್ಗೆ ಬರೆದಿದ್ದ ಎರ್ಮಾಳಿನ ಗೆಳೆಯ ಮಾತ್ರ ಮುಖ ಇಳಿಸಿ ನಿಂತಿದ್ದ. "ನಮ್ಮದು ಸುಲಭ ಇತ್ತು ಮಾರಾಯ."

ನಾನು ಅವನ ಬೆನ್ನು ತಟ್ಟಿ ಸಮಾಧಾನ ಮಾಡಿದೆ. ಅಂಕಲ್ ಮಗಳ ಕೈ ಹಿಡಿದು ಬೇಗ ಬೇಗ ಬಸ್ ಹತ್ತಿಸಿದರು.

೨. ಎರ್ಮಾಳಿನಲ್ಲಿ

ಗೆಳೆಯನ ತಂದೆಗೆ ದೋಣಿ ಉಂಟು. "ಇವನ ಅಂಕ ಕಡಿಮೆ ಮಾಡುತ್ತಾರಂತಲ್ಲ, ಎಂತಕ್ಕೆ?" ಎಂದು ನನ್ನನ್ನೇ ಹಿಡಿದರು.

ವಿವರಿಸಿದೆ. "ಸಮುದ್ರ ಶಾಂತ ಇದ್ದ ದಿನದ ಒಂದು ಬುಟ್ಟಿ ಮೀನೂ ಅಲೆ ಎದ್ದ ದಿನದ ಒಂದು ಬುಟ್ಟಿ ಮೀನೂ ಒಂದೇ ಅಲ್ಲ. ಕಷ್ಟದ ದಿನದ್ದಕ್ಕೆ ಸ್ವಲ್ಪ ಸೇರಿಸುತ್ತಾರೆ, ಸುಲಭದ ದಿನದ್ದಕ್ಕೆ ಸ್ವಲ್ಪ ಕಳೆಯುತ್ತಾರೆ."

ಅವರಿಗೆ ಬಹಳ ಹಿಡಿಸಿತು. ಮರುದಿನ ಗಾಳಿಯಲ್ಲಿ ಹೋಗಿ ಒಂದೇ ಬುಟ್ಟಿ ತಂದರು. ಮೀನು ಕೊಳ್ಳುವ ಅಕ್ಕನಿಗೆ, "ಇದು ಒಂದೂವರೆ ಬುಟ್ಟಿ ಅಂತ ಲೆಕ್ಕ. ಸರಕಾರಿ ಸೂತ್ರ," ಎಂದರು.

ಅಕ್ಕ ಒಪ್ಪಿದಳು. "ಆಗಲಿ. ಒಂದು ಬುಟ್ಟಿಯ ದುಡ್ಡು ಕೊಡುತ್ತೇನೆ, ನೀವು ಒಂದೂವರೆಯದ್ದು ಅಂತ ಲೆಕ್ಕ ಮಾಡಿಕೊಳ್ಳಿ."

೩. ಕಡಿಯಾಳಿಯಲ್ಲಿ

ಫಲಿತಾಂಶದ ಹಿಂದಿನ ದಿನ ಅಮ್ಮ ಕೇಳಿದಳು, "ನಿನ್ನ ಶಿಫ್ಟಿನ ಉಳಿದವರು ಕಡಿಮೆ ಬರೆದಿದ್ದರೆ ನಿನಗೆ ಒಳ್ಳೆಯದು, ಅಲ್ವಾ?"

"ಹೌದು. ಅವರಿಗಿಂತ ಎಷ್ಟು ಮುಂದೆ ಇದ್ದೇನೆ ಅನ್ನುವುದೇ ಮುಖ್ಯ."

ಸಂಜೆಯೇ ದೇವಸ್ಥಾನಕ್ಕೆ ಹೊರಟಳು. ದೇವಿಯ ಎದುರು ಕಣ್ಣು ಮುಚ್ಚಿ, ಸ್ವಲ್ಪ ಗಟ್ಟಿಯಾಗಿಯೇ, "ಮಧ್ಯಾಹ್ನದ ಶಿಫ್ಟಿನವರೆಲ್ಲ ಕಡಿಮೆ ಬರೆದಿರಲಿ ತಾಯಿ," ಎಂದಳು.

ಪಕ್ಕದಲ್ಲಿ ಕೈಮುಗಿದಿದ್ದ ಹೆಂಗಸು ಕಣ್ಣು ಬಿಟ್ಟಳು. "ನನ್ನ ಮಗಳೂ ಮಧ್ಯಾಹ್ನದವಳೇ!"

ಅಮ್ಮ ಅಳುಕಲಿಲ್ಲ. ಇನ್ನೊಮ್ಮೆ ಗಂಟೆ ಹೊಡೆದು, "ಈ ಹುಡುಗಿಯೊಬ್ಬಳನ್ನು ಬಿಟ್ಟು," ಎಂದು ತಿದ್ದಿದಳು. ಆ ತಾಯಿಯೂ ಕೂಡಲೇ, ನನ್ನೊಬ್ಬನನ್ನು ಬಿಟ್ಟು ಉಳಿದವರೆಲ್ಲ ಕಡಿಮೆ ಬರೆದಿರಲಿ ಎಂದು ಬೇಡಿಕೊಂಡಳು. ಇಬ್ಬರೂ ಫೋನ್ ನಂಬರ್ ಬದಲಾಯಿಸಿಕೊಂಡರು.

ಮರುದಿನ ಪಟ್ಟಿ ಬಂತು. ನನ್ನ ಅಂಕ ಏರಿತ್ತು, ನನ್ನ ಹೆಸರು ಇತ್ತು! ರಸ್ತೆಯಲ್ಲೇ ಕೂಗಿಕೊಂಡು ಅಮ್ಮನಿಗೆ ಫೋನ್ ಮಾಡಿದೆ.

"ಗೊತ್ತಿತ್ತು," ಎಂದಳು. "ಆ ಹುಡುಗಿಗೂ ಆಯಿತಂತೆ."

"ಅಮ್ಮಾ, ನಮ್ಮ ಕೇಂದ್ರದಲ್ಲಿ ಮಧ್ಯಾಹ್ನ ಬರೆದವರ ಪೈಕಿ ಆದದ್ದು ನಮಗಿಬ್ಬರಿಗೇ!"

ಅಮ್ಮ ಹೇಳಿದಳು, "ಉಳಿದವರ ಅಮ್ಮಂದಿರು ಎಂತ ಮಾಡುತ್ತಿದ್ದರು ಮಾರಾಯ? ದೇವಸ್ಥಾನಕ್ಕೆ ಬಂದಿದ್ದರೆ ಅವರ ಮಕ್ಕಳನ್ನೂ ಬಿಡುತ್ತಿದ್ದೆವು."